ಮರಳಿ ಕೊಡತಕ್ಕ ಹಣ

ಆಯ್ದಕ್ಕಿ ಮಾರಯ್ಯನವರ ವೃತ್ತಾಂತವನ್ನು ಅರಿಯದ ಭಕ್ತರು ವಿರಳ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕವಾಗಿತ್ತು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಕಂಡು, ಮಿಗಿಲಾದುದನ್ನು ತಂದಲ್ಲಿಯೇ ಹಾಕಿ ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಈ ಪ್ರಸಂಗವನ್ನು ಹೇಳುವವರು ಸಾಮಾನ್ಯವಾಗಿ ಲಕ್ಕಮ್ಮನವರ ನಿರಾಶೆಯನ್ನು ಕೊಂಡಾಡಿ ಅಲ್ಲಿಗೇ ನಿಲ್ಲಿಸುತ್ತಾರೆ. ಆದರೆ ವಿಚಾರಕ್ಕೆ ತಕ್ಕ ಎರಡು ಸಂಗತಿಗಳು ಇದರಲ್ಲಿ ಅಡಗಿವೆ. ಅಕ್ಕಿಯನ್ನು ಮರಳಿಸಿರೆಂದು ಯಾರೂ ಬಂದು ಕೇಳಿರಲಿಲ್ಲ. ದೂರು ಹುಟ್ಟುವುದಕ್ಕೆ ಮೊದಲೇ ಲೆಕ್ಕವು ಮನೆಯೊಳಗೆ ನಡೆದುಹೋಯಿತು. ಇದು ಒಂದು. ಎಂದಿನ ಅಳತೆಯ ಅಕ್ಕಿಯನ್ನು ಲಕ್ಕಮ್ಮನವರು ಬೇಡವೆನ್ನಲಿಲ್ಲ. ಇದು ಮತ್ತೊಂದು. ಕಾಯಕಕ್ಕೆ ಸಲ್ಲದುದನ್ನು ಇಟ್ಟುಕೊಳ್ಳುವುದು ಹೇಗೆ ದೋಷವೋ, ಸಲ್ಲತಕ್ಕುದನ್ನು ಭಯದಿಂದಲೋ ದಾಕ್ಷಿಣ್ಯದಿಂದಲೋ ಬಿಟ್ಟುಕೊಡುವುದೂ ಹಾಗೆಯೇ ಕಾಯಕಕ್ಕೆ ಮಾಡುವ ಅವಮಾನವೆಂದು ತಿಳಿಯಬೇಕಾಗುತ್ತದೆ.

ಅಂದಿನ ಕಲ್ಯಾಣದಲ್ಲಿ ನೇಯುವವರಿದ್ದರು, ಮಡಿ ಮಾಡುವವರಿದ್ದರು, ಹುಲ್ಲು ಕೊಯ್ದು ಹಗ್ಗ ಹೊಸೆಯುವವರಿದ್ದರು; ಛಾಯಾಗ್ರಾಹಕರಿರಲಿಲ್ಲ. ಹೊಸ ವೃತ್ತಿಗೆ ಹಳೆಯ ಸೂತ್ರವು ಹೊಂದೀತೇ ಎಂದು ಕೆಲವರು ಸಂದೇಹಪಡಬಹುದು. ಸಂದೇಹಕ್ಕೆ ಕಾರಣವಿಲ್ಲದಿಲ್ಲ. ನೇಯ್ದ ವಸ್ತ್ರದಲ್ಲಿ ಎಳೆ ತಪ್ಪಿದ್ದರೆ ಕೊಂಡವನು ಬಟ್ಟೆಯನ್ನು ಹಿಂದಿರುಗಿಸಿ ಹಣ ಪಡೆಯುತ್ತಾನೆ. ನೇಕಾರನು ಇನ್ನೊಂದನ್ನು ನೇಯುತ್ತಾನೆ. ಮಾಂಗಲ್ಯಧಾರಣೆಯ ಕ್ಷಣವನ್ನು ಇನ್ನೊಮ್ಮೆ ನೇಯಲು ಬರುವುದಿಲ್ಲ. ಪದಾರ್ಥವೇ ಮರಳಿ ಬಾರದಿರುವಲ್ಲಿ ಹಣವನ್ನು ಮರಳಿಸುವುದಕ್ಕೆ ಏನು ಅರ್ಥ? ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಈ ವೃತ್ತಿಯಿಂದ ಜೀವಿಸುವವರು ಈಗ ಅನೇಕರಾದುದರಿಂದ, ಅವರಿಗೆ ಹಣ ಕೊಡುವ ಗೃಹಸ್ಥರು ಅವರಿಗಿಂತಲೂ ಅನೇಕರಾದುದರಿಂದ, ಈ ಪ್ರಶ್ನೆಯನ್ನು ಬಿಡಿಸಿ ನೋಡುವುದು ಉಚಿತ.

ಮೊದಲು ವೃತ್ತಿಯ ಸ್ಥಿತಿ. ಶುಭಮುಹೂರ್ತಗಳು ಎಲ್ಲರಿಗೂ ಒಂದೇ ದಿನ ಬರುತ್ತವೆ. ಒಂದು ಮನೆಯ ಮದುವೆಯನ್ನು ಒಪ್ಪಿದ ಛಾಯಾಗ್ರಾಹಕನು ಅದೇ ದಿನದ ಮತ್ತೆರಡು ಮನೆಗಳಿಗೆ ಆಗದೆಂದು ಹೇಳಿ ಕಳುಹಿಸಬೇಕಾಗುತ್ತದೆ. ಮುಂಗಡವೆಂಬುದು ಈ ದಿನವನ್ನು ಕಾದಿಟ್ಟುದಕ್ಕೆ ಸಲ್ಲುವ ಹಣ. ಮಿಕ್ಕುದರಲ್ಲಿ ಒಂದು ಭಾಗ ಮದುವೆಯ ದಿನ, ಉಳಿದುದು ಆಲ್ಬಮ್ ಕೈಗೆ ಬಂದಾಗ. ಮಳೆಗಾಲದ ನಾಲ್ಕು ತಿಂಗಳು ಕೆಲಸ ತೀರ ಕಡಿಮೆ. ಕ್ಯಾಮೆರಾ, ಲೆನ್ಸುಗಳಿಗೆ ಸಾಲದ ಕಂತು. ದೀಪ ಹಿಡಿಯುವ ಹುಡುಗನಿಗೂ ವಿಡಿಯೋ ತೆಗೆಯುವವನಿಗೂ ದಿನಗೂಲಿ. ಇಂಥವನ ಕೈಯಿಂದ ಮೂವತ್ತು ಸಾವಿರ ರೂಪಾಯಿ ಹೊರಗೆ ಹೋಯಿತೆಂದರೆ ಆ ತಿಂಗಳು ಯಾರದೋ ಮನೆಯ ಅಡುಗೆಯಲ್ಲಿ ಅದು ಕಾಣುತ್ತದೆ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಮೂಡಿಗೆರೆಯ ಕಲ್ಯಾಣಮಂಟಪದಲ್ಲಿ ಮದುವೆ. ಒಟ್ಟು ಎಂಬತ್ತು ಸಾವಿರ ರೂಪಾಯಿಗೆ ಒಪ್ಪಿಗೆ: ಹಿಂದಿನ ದಿನದ ಶಾಸ್ತ್ರಗಳಿಗೆ ಇಪ್ಪತ್ತು, ಮದುವೆಯ ದಿನಕ್ಕೆ ಮೂವತ್ತು, ಆಲ್ಬಮಿಗೆ ಮೂವತ್ತು. ಮುಹೂರ್ತದ ವೇಳೆ ಹಾಕಿದ್ದ ಮೆಮೊರಿ ಕಾರ್ಡು ಕೆಟ್ಟು, ಮಾಂಗಲ್ಯಧಾರಣೆಯ ಅರ್ಧ ಗಂಟೆಯ ಚಿತ್ರಗಳು ಒಂದೂ ಉಳಿಯಲಿಲ್ಲ. ಅಕ್ಷತೆಯನ್ನು ಹಾಕಲು ಎದ್ದು ನಿಂತ ವೃದ್ಧೆಯಾದ ಅಜ್ಜಿಯ ಮುಖವೂ ಅದರಲ್ಲಿತ್ತು. ತಿಂಗಳೊಪ್ಪತ್ತಿನಲ್ಲಿ ಆಕೆ ಲಿಂಗೈಕ್ಯಳಾದಳು. ಹೆಣ್ಣಿನ ತಂದೆಯು ಎಂಬತ್ತು ಸಾವಿರವನ್ನೂ ಹಿಂದಕ್ಕೆ ಕೇಳುತ್ತಾನೆ. ಛಾಯಾಗ್ರಾಹಕನು, ಆರುನೂರು ಚಿತ್ರಗಳನ್ನು ಕೊಟ್ಟಿದ್ದೇನೆ, ಹೋದವು ಐವತ್ತು, ಐದು ಸಾವಿರ ಕೊಡುತ್ತೇನೆ ಎನ್ನುತ್ತಾನೆ.

ಇಬ್ಬರ ಲೆಕ್ಕವೂ ಸರಿಯಲ್ಲ. ಛಾಯಾಗ್ರಾಹಕನು ಚಿತ್ರಗಳನ್ನು ಕಾಫಿ ಬೀಜದಂತೆ ಅಳೆಯುತ್ತಿದ್ದಾನೆ. ಊಟದ ಪಂಕ್ತಿಯ ನೂರು ಚಿತ್ರಗಳು ಮುಹೂರ್ತದ ಒಂದಕ್ಕೆ ಸಮನಾಗಲಾರವು. ಯಾವ ಕ್ಷಣಕ್ಕಾಗಿ ಅವನನ್ನು ಕರೆದರೋ ಆ ಕ್ಷಣವೇ ಇಲ್ಲದ ಮೇಲೆ ಆ ದಿನದ ಕಾಯಕವು ಪೂರ್ಣವಾಯಿತೆನ್ನುವಂತಿಲ್ಲ. ತಂದೆಯಾದರೋ ದುಃಖಕ್ಕೆ ಬೆಲೆ ಕಟ್ಟುತ್ತಿದ್ದಾನೆ. ಅಜ್ಜಿಯ ಮುಖವು ಎಂಬತ್ತು ಸಾವಿರಕ್ಕೂ ಬಾರದು, ಎಂಟು ಲಕ್ಷಕ್ಕೂ ಬಾರದು. ಹಿಂದಿನ ದಿನದ ಶಾಸ್ತ್ರದ ಚಿತ್ರಗಳು ಚೆನ್ನಾಗಿಯೇ ಬಂದಿರುವುದರಿಂದ ಅದರ ಇಪ್ಪತ್ತು ಸಾವಿರವು ದುಡಿದವನಿಗೆ ಸಲ್ಲತಕ್ಕುದು. ಆಲ್ಬಮ್ ಬೇಕೆಂದರೆ ಅದಕ್ಕೆ ತಗುಲಿದ ಅಸಲನ್ನು ಕೊಡಬೇಕು, ಬೇಡವೆಂದರೆ ಆ ಹಣವೂ ಮರಳಬೇಕು. ಮದುವೆಯ ದಿನದ ಮೂವತ್ತು ಸಾವಿರ ಮಾತ್ರ ಪೂರ್ತಿಯಾಗಿ ಹಿಂದಿರುಗತಕ್ಕ ಹಣ. ಹೀಗೆ ಹಿಂದಿರುಗಿಸುವಾಗ ದೀಪ ಹಿಡಿದ ಹುಡುಗನ ಕೂಲಿಯನ್ನು ಕಡಿಯಕೂಡದು. ಅವನು ದೀಪವನ್ನು ಸರಿಯಾಗಿಯೇ ಹಿಡಿದಿದ್ದನು.

ಇಲ್ಲಿ ಒಂದು ಪೂರ್ವಪಕ್ಷ ಏಳುತ್ತದೆ. ಕಾರ್ಡು ಕೆಟ್ಟುದು ದೈವಾಧೀನ, ಛಾಯಾಗ್ರಾಹಕನ ತಪ್ಪೇನು? ಎರಡು ಕಾರ್ಡುಗಳಲ್ಲಿ ಏಕಕಾಲಕ್ಕೆ ಚಿತ್ರವನ್ನು ಬರೆಯುವ ಕ್ಯಾಮೆರಾಗಳು ಇಂದು ಬಳಕೆಯಲ್ಲಿವೆ. ಅಂಥದು ಕೈಯಲ್ಲಿದ್ದೂ ಒಂದೇ ಕಾರ್ಡು ಹಾಕಿದ್ದರೆ ಅದು ಅಜಾಗ್ರತೆ. ಎರಡನ್ನೂ ಹಾಕಿ, ಎರಡೂ ಕೆಟ್ಟಿದ್ದರೆ ಅವನು ನಿರ್ದೋಷಿ. ಆದರೆ ನಿರ್ದೋಷಿಯಾದ ಮಾತ್ರಕ್ಕೆ ಮಾಡದ ಕೆಲಸದ ಹಣವು ಅವನದಾಗುವುದಿಲ್ಲ. ದೋಷವಿದ್ದರೆ ಹಣದ ಮೇಲೆ ಕ್ಷಮಾಪಣೆಯೂ ಪರಿಹಾರವೂ ಸಲ್ಲಬೇಕು. ದೋಷವಿಲ್ಲದಿದ್ದರೆ ಹಣ ಮಾತ್ರ. ಮಾರಯ್ಯನವರು ಕದ್ದು ತಂದಿರಲಿಲ್ಲವಷ್ಟೆ; ಆದರೂ ಹೆಚ್ಚಿನ ಅಕ್ಕಿಯು ಮರಳಿತು.

ಇದೆಲ್ಲಕ್ಕಿಂತ ಮುಖ್ಯವಾದುದು ಕಾಲ. ಕಾರ್ಡು ಕೆಟ್ಟುದನ್ನು ಅವನು ಅಂದು ಸಂಜೆಯೇ ಹೇಳಿದ್ದರೆ, ನೆಂಟರ ಫೋನುಗಳಲ್ಲಿದ್ದ ಚಿತ್ರಗಳನ್ನು ಅಳಿಸುವ ಮೊದಲೇ ಕೂಡಿಸಬಹುದಾಗಿತ್ತು. ಅಜ್ಜಿಯ ಮುಖವು ಯಾವುದೋ ಒಂದರ ಮೂಲೆಯಲ್ಲಾದರೂ ಸಿಗುತ್ತಿತ್ತೇನೋ. ಕೆಟ್ಟ ಕಾರ್ಡಿನಿಂದಲೂ ಚಿತ್ರಗಳನ್ನು ಹೊರತೆಗೆಯಬಲ್ಲ ಉಪಾಯಗಳುಂಟು. ಅದರ ಮೇಲೆ ಮತ್ತೆ ಬರೆಯದೆ ತಡೆದಿಟ್ಟಷ್ಟೂ ಅವು ಫಲಿಸುವ ಸಂಭವ ಹೆಚ್ಚು. ಎರಡು ತಿಂಗಳು ಆಲ್ಬಮ್ ಸಿದ್ಧವಾಗುತ್ತಿದೆ ಎಂದು ಹೇಳಿ ತಳ್ಳಿದವನು ಕಾರ್ಡಿನಿಂದ ಆದ ನಷ್ಟಕ್ಕೆ ತನ್ನ ಕೈಯಿಂದ ಇನ್ನೊಂದನ್ನು ಸೇರಿಸಿದಂತಾಯಿತು. ಇಂಥ ದೂರುಗಳು ಬೆಳೆದು ಕಹಿಯಾಗುವುದು ಬಹುಮಟ್ಟಿಗೆ ಈ ಮೌನದ ದಿನಗಳಲ್ಲಿ.

ಮಂಜಿನ ವಿಷಯ ಬೇರೆ. ಮದುವೆಗೆ ಮುಂಚಿನ ಚಿತ್ರಗಳಿಗಾಗಿ ಬೆಂಗಳೂರಿನಿಂದ ವಧೂವರರು ಮುಳ್ಳಯ್ಯನಗಿರಿಗೆ, ದೇವರಮನೆಗೆ, ಹೊರನಾಡಿನ ಬಳಿಯ ಕ್ಯಾತನಮಕ್ಕಿಗೆ ಬರುವುದು ಈಚಿನ ರೂಢಿ. ಜುಲೈ ತಿಂಗಳಿನಲ್ಲಿ ಬಂದು ದಿನವಿಡೀ ಮಂಜು ಬಿಡದಿದ್ದರೆ ಹಣ ಮರಳಿಸಬೇಕೇ? ಮಲೆನಾಡಿನ ಮಂಜು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು (1938–2007) ಹಕ್ಕಿಗಳ ಚಿತ್ರಗಳಿಗಾಗಿ ಕ್ಯಾಮೆರಾ ಹಿಡಿದು ಕಾದವರು. ಆದರೆ ಅವರ ಮುಂದೆ ಗಂಟೆಗೆ ಇಷ್ಟೆಂದು ಹಣ ಕೊಟ್ಟ ಹಕ್ಕಿ ಯಾವುದೂ ಕುಳಿತಿರಲಿಲ್ಲ. ಛಾಯಾಗ್ರಾಹಕನು ಬೆಳಗಿನ ಐದಕ್ಕೆ ಜೀಪು ಹತ್ತಿ ಬೆಟ್ಟದಲ್ಲಿ ನೆನೆದು ದುಡಿದಿದ್ದಾನೆ. ಆ ಕೂಲಿ ಅವನದೇ. ಪರಂತು ಅವನ ಜಾಹೀರಾತಿನಲ್ಲಿದ್ದುದೆಲ್ಲ ನವೆಂಬರಿನ ನೀಲಿ ಆಕಾಶವೇ ಆಗಿದ್ದು, ಜುಲೈ ಹೇಗಿರುತ್ತದೆಂಬುದನ್ನು ತಿಳಿದೂ ಹೇಳದೆ ಮುಂಗಡ ಪಡೆದಿದ್ದರೆ, ಆ ಹಣವು ಮಂಜಿನೊಳಗಿಂದ ಬಂದುದಲ್ಲ, ಅವನ ಮಾತಿನೊಳಗಿಂದ ಬಂದುದು. ಅದನ್ನು ಅವನು ಇಟ್ಟುಕೊಳ್ಳಲಾಗದು.

ಮತ್ತೊಂದು ಬಗೆಯ ದೂರಿದೆ. ವಧುವಿನ ಮೈಬಣ್ಣ ಕಪ್ಪಾಗಿ ಬಂದಿದೆ, ಬೆಳ್ಳಗೆ ಮಾಡಿಕೊಡು, ಇಲ್ಲವೇ ಹಣ ಹಿಂದಕ್ಕೆ ಕೊಡು ಎಂಬುದು. ಬೆಳಕು ಸಾಲದೆ ಮುಖ ಮಸುಕಾಗಿದ್ದರೆ ಅದು ಕೆಲಸದ ಕೊರತೆ. ಮಗುವಿಗೆ ಹುಟ್ಟಿನಿಂದ ಬಂದ ಬಣ್ಣವೇ ಚಿತ್ರದಲ್ಲಿಯೂ ಇದ್ದರೆ ಕ್ಯಾಮೆರಾ ಸತ್ಯವನ್ನೇ ನುಡಿದಿದೆ. ಅದಕ್ಕೆ ಒಂದು ಕಾಸನ್ನೂ ಮರಳಿಸಬೇಕಾಗಿಲ್ಲ. ಆ ಹುಡುಗಿಯೂ ಆ ಮಾತನ್ನು ಕೇಳಿಸಿಕೊಳ್ಳುತ್ತ ಅಲ್ಲಿಯೇ ಕುಳಿತಿರುತ್ತಾಳೆಂಬುದನ್ನು ಹಿರಿಯರು ಮರೆಯುತ್ತಾರೆ.

ಕಾನೂನಿನ ಮಾತನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು 2020ರ ಜುಲೈಯಲ್ಲಿ ಜಾರಿಗೆ ಬಂದಿತು. ಅದರ ಪ್ರಕಾರ ರಸೀದಿ ಕೊಡದಿರುವುದೂ, ಕೊರತೆಯುಳ್ಳ ಸೇವೆಯ ಹಣವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನು ಹೇಳಿರದಿದ್ದರೆ 30 ದಿನಗಳೊಳಗೆ, ಮರಳಿಸಲು ನಿರಾಕರಿಸುವುದೂ ಅನುಚಿತ ವ್ಯಾಪಾರ ಪದ್ಧತಿಗಳು. ನೊಂದವರು 2 ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಆದುದರಿಂದ ‘ಮುಂಗಡ ಹಿಂದಿರುಗಿಸಲಾಗುವುದಿಲ್ಲ’ ಎಂದು ಗೋಡೆಗೆ ಅಂಟಿಸಿದ ಕಾಗದವು ಎಲ್ಲ ದೂರಿಗೂ ಉತ್ತರವಾಗಲಾರದು. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಪ್ರಥಮ ಸ್ವಾಮ್ಯವು ತೆಗೆಸಿದವರದು. ಮನೆಯವರ ಚಿತ್ರವನ್ನು ಕೇಳದೆ ಜಾಹೀರಾತಿಗೆ ಹಾಕಿಕೊಂಡು, ಅವರು ದೂರಿದಾಗ ಇದು ನನ್ನ ಕಲೆ ಎನ್ನುವವರು ಇದನ್ನು ಗಮನಿಸಬೇಕು.

ಕಾನೂನಿಗೂ ಕಷ್ಟವಾದ ಕಾಲವೊಂದು ಬಂದಿತ್ತು. 2020ರ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್ ಆದಾಗ ಗೊತ್ತಾಗಿದ್ದ ಮದುವೆಗಳು ನಿಂತುಹೋದವು, ಅಥವಾ ಹತ್ತಾರು ಜನರ ನಡುವೆ ಮನೆಯಂಗಳದಲ್ಲಿ ನಡೆದವು. ಮುಂಗಡವು ಒಬ್ಬರ ಕೈಯಲ್ಲಿತ್ತು, ತಪ್ಪು ಯಾರ ಕೈಯಲ್ಲಿಯೂ ಇರಲಿಲ್ಲ. ದಿನವನ್ನು ಕಾದಿಟ್ಟುದಕ್ಕಾಗಿ ಮುಂಗಡ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಆ ದಿನ ಯಾರ ಮದುವೆಗೂ ಹೋಗುವಂತಿರಲಿಲ್ಲವಾದುದರಿಂದ ಛಾಯಾಗ್ರಾಹಕನು ಆ ಮನೆಗಾಗಿ ಕಳೆದುಕೊಂಡ ಕೆಲಸವೇ ಇಲ್ಲ. ಹಣ ಮರಳತಕ್ಕುದೇ ಸರಿ. ಆದರೆ ಅದು ಆಗಲೇ ಸಾಲದ ಕಂತಿಗೆ ಹೋಗಿದ್ದವನು ಎಲ್ಲಿಂದ ತರಬೇಕು? ಮುಂದಿನ ಮುಹೂರ್ತಕ್ಕೆ ಅದನ್ನು ಜಮಾ ಹಿಡಿಯಲು ಒಪ್ಪುವ ಗೃಹಸ್ಥನೂ, ಸ್ವಲ್ಪ ಸ್ವಲ್ಪವಾಗಿ ತೀರಿಸುವ ಛಾಯಾಗ್ರಾಹಕನೂ ಅಂಥ ಕಾಲದಲ್ಲಿ ಲಕ್ಕಮ್ಮನವರ ಹಾದಿಯಲ್ಲಿಯೇ ಇದ್ದಾರೆ. ಫೋನು ಎತ್ತದೆ ಇದ್ದವನು ಆ ಹಾದಿಯನ್ನು ಬಿಟ್ಟಿದ್ದಾನೆ.

ಇಷ್ಟನ್ನು ಓದಿದ ಗೃಹಸ್ಥರು ಇದೆಲ್ಲ ಸ್ಟುಡಿಯೋದವರಿಗೆ ಹೇಳಿದ ಮಾತೆಂದು ಭಾವಿಸಬಾರದು. ನುಲಿಯ ಚಂದಯ್ಯನವರ ಹಗ್ಗಕ್ಕೆ ಸಲ್ಲತಕ್ಕುದಕ್ಕಿಂತ ಹೆಚ್ಚಿನ ಹೊನ್ನು ಬಂದಾಗ ಅವರು ಅದನ್ನು ಒಪ್ಪಲಿಲ್ಲವೆಂದು ಪರಂಪರೆಯು ಹೇಳುತ್ತದೆ. ಹಗ್ಗವನ್ನು ಕೊಂಡು, ಆಕಳನ್ನು ಕಟ್ಟಿ, ಆಮೇಲೆ ಎಳೆ ಸಡಿಲವಾಗಿದೆಯೆಂದು ಬೆಲೆಯನ್ನು ಮುರಿದುಕೊಂಡ ಶರಣರ ಕಥೆಯನ್ನು ಯಾರೂ ಕೇಳಿಲ್ಲ. ಆದರೆ ಆಲ್ಬಮನ್ನು ಮನೆಗೆ ತರಿಸಿಕೊಂಡು, ಬಂದ ನೆಂಟರಿಗೆಲ್ಲ ತೋರಿಸಿ ಸಂತೋಷಪಟ್ಟು, ಕೊನೆಯ ಕಂತು ಕೇಳಿದಾಗ ಮಾತ್ರ ಹಾಳೆ ಹಾಳೆಗೂ ಕುಂದು ಹುಡುಕುವ ಮನೆಗಳು ಈ ಸೀಮೆಯಲ್ಲಿಲ್ಲವೆ? ನಿಜವಾದ ದೂರನ್ನು ಮೊದಲ ವಾರದಲ್ಲಿಯೇ, ಇಂಥ ಚಿತ್ರ, ಇಂಥ ಕೊರತೆ ಎಂದು ಬಿಡಿಸಿ ಹೇಳುವುದು ಕೊಂಡವನ ಕರ್ತವ್ಯ. ಹಾಗೆ ಹೇಳಿದ ದೂರು ದುಡಿಯುವವನಿಗೆ ಉಪಕಾರವನ್ನೇ ಮಾಡುತ್ತದೆ, ಏಕೆಂದರೆ ತನ್ನ ಕೆಲಸದ ದೋಷವನ್ನು ಅವನು ಬೇರೆಲ್ಲಿಯೂ ಅಷ್ಟು ಸ್ಪಷ್ಟವಾಗಿ ಕಾಣಲಾರನು.

ಇನ್ನು ದೂರೇ ಇಲ್ಲದೆ ತಡೆದ ಹಣದ ಮಾತು. ಮದುವೆ ಏಪ್ರಿಲ್ಲಿನಲ್ಲಿ ಆಗಿರುತ್ತದೆ. ಛಾಯಾಗ್ರಾಹಕನು ಆಲ್ಬಮ್ ಕೊಟ್ಟು ಬಾಕಿ ಕೇಳಿದರೆ, ಮಳೆ ಕಳೆಯಲಿ ಎಂದು ಉತ್ತರ. ಮಳೆ ಕಳೆದ ಮೇಲೆ ಹೋದರೆ, ಕೊಯ್ಲು ಮುಗಿಯಲಿ. ಕೊಯ್ಲು ಮುಗಿದ ಮೇಲೆ, ಕಾಫಿಗೆ ರೇಟು ಬರಲಿ, ಆಮೇಲೆ ಬಾ. ತೋಟದ ಮನೆಯ ಜಗುಲಿಯಲ್ಲಿ ಅವನಿಗೆ ಕಾಫಿಯನ್ನೇನೋ ಆದರದಿಂದಲೇ ಕೊಡುತ್ತಾರೆ. ಲೋಟವನ್ನು ಕೆಳಗಿಟ್ಟು ಅವನು ಬೈಕು ಹತ್ತಿ ಹದಿನೈದು ಮೈಲಿ ಇಳಿದು ಬರುವ ಹೊತ್ತಿಗೆ, ದೀಪ ಹಿಡಿದ ಹುಡುಗನು ಸ್ಟುಡಿಯೋದ ಬಾಗಿಲಿನಲ್ಲಿ ಕಾಯುತ್ತಿರುತ್ತಾನೆ.