ಗಾದೆಯ ಎರಡನೆಯ ಅರ್ಧ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಈ ಗಾದೆಯ ಮೊದಲರ್ಧಕ್ಕೆ ಈಗ ಸುಗ್ಗಿ. ಡಯಟ್ ಕ್ಲಿನಿಕ್ಕಿನ ಬೋರ್ಡಿನಲ್ಲೂ ಅದೇ, ಸಿರಿಧಾನ್ಯದ ಪೊಟ್ಟಣದ ಮೇಲೂ ಅದೇ. ಎರಡನೆಯ ಅರ್ಧವನ್ನು ಮಾತ್ರ ಯಾರೂ ಬರೆಸುವುದಿಲ್ಲ. ನಲವತ್ತು ದಾಟಿದ ಮೇಲೆ ಬ್ಯಾಂಕನ್ನೋ ಸಾಫ್ಟ್‌ವೇರನ್ನೋ ಬಿಟ್ಟು ಡಯಟೀಷಿಯನ್ ಆಗುತ್ತೇನೆ ಎನ್ನುವವರನ್ನು ಕಂಡಾಗ ನನಗೆ ನೆನಪಾಗುವುದು ಆ ಅರ್ಧವೇ.

ಮೊದಲರ್ಧವನ್ನು ಅಕ್ಷರಶಃ ನಂಬಿಕೊಂಡು ಈ ಕಸುಬಿಗೆ ಬರುವುದು ಅಪಾಯ. ಟೈಪ್ 1 ಮಧುಮೇಹ ಬಂದ ಮಗು ಊಟದಲ್ಲಿ ಯಾವ ತಪ್ಪನ್ನೂ ಮಾಡಿರುವುದಿಲ್ಲ. ಅದರ ತಾಯಿಯನ್ನು "ಏನು ತಿನ್ನಿಸ್ತಿದ್ರಿ?" ಎಂದು ಕೇಳಿದರೆ ಗಾದೆಯ ಎರಡೂ ಅರ್ಧ ಅಲ್ಲಿಗೇ ಕೆಟ್ಟವು.

ಇಪ್ಪತ್ತು ವರ್ಷ ಅಡುಗೆ ಮಾಡಿದ್ದೇನೆ, ಊಟ ನನಗೆ ಗೊತ್ತಿಲ್ಲವೇ ಎಂಬ ಧೈರ್ಯ ಇನ್ನೊಂದು. ಗೊತ್ತಿರುತ್ತದೆ, ಆರೋಗ್ಯವಂತರ ಊಟ. ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ ಮೂಳೆಗೆ ಒಳ್ಳೆಯದೆಂದ ಅಜ್ಜಿಯ ಮಾತು ತಪ್ಪಲ್ಲ. ಆದರೆ ಬಸ್ಸಾರನ್ನು ತೆಗೆದುಕೊಳ್ಳಿ. ಸೊಪ್ಪು, ಕಾಳು ಬೇಯಿಸಿ, ಕಟ್ಟು ಬಸಿದು, ಅದರಲ್ಲೇ ಸಾರು ಕುದಿಸುತ್ತೇವೆ. ಬೆಂದ ನೀರನ್ನು ಚೆಲ್ಲಿದವರಿಗೆ ಮನೆಯಲ್ಲಿ ಬೈಗುಳ ಗ್ಯಾರಂಟಿ. ಮೂತ್ರಪಿಂಡ ಸೋತು ರಕ್ತದಲ್ಲಿ ಪೊಟ್ಯಾಸಿಯಂ ಏರಿದವರಿಗೆ ಹೇಳಬೇಕಾದದ್ದು ಇದಕ್ಕೆ ತೀರಾ ಉಲ್ಟಾ: ಬೇಯಿಸಿ, ಆ ನೀರು ಚೆಲ್ಲಿ. ಬಿಸಿಲಿಗೆ ತಂಪೆಂದು ಎಲ್ಲರಿಗೂ ಕೊಡುವ ಎಳನೀರು ಕೂಡ ಅವರಿಗೆ ಕುತ್ತು ತರಬಹುದು. ಇಂಥದ್ದು ಒಲೆಯ ಮುಂದೆ ನಿಂತು ಬರುವ ತಿಳಿವಳಿಕೆಯಲ್ಲ. ಓದಬೇಕು, ವಾರ್ಡಿನಲ್ಲಿ ನಿಲ್ಲಬೇಕು.

ಆ ಓದೂ ಈಗ ಸಲೀಸಲ್ಲ. 2021ರ ಕೇಂದ್ರ ಕಾಯ್ದೆ ಡಯಟೀಷಿಯನ್ನರನ್ನು ಆರೋಗ್ಯ ವೃತ್ತಿಪರರ ಪಟ್ಟಿಗೆ ಸೇರಿಸಿತು. ಅದರ ಬೆನ್ನಿಗೆ ಯುಜಿಸಿ, 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಪೌಷ್ಟಿಕತೆ, ಪಥ್ಯಾಹಾರದಂಥ ಕೋರ್ಸುಗಳನ್ನು ದೂರಶಿಕ್ಷಣದಲ್ಲೂ ಆನ್‌ಲೈನಿನಲ್ಲೂ ನಡೆಸಕೂಡದೆಂದಿತು. ಸಂಸಾರ, ಸಾಲದ ಕಂತು ಎರಡನ್ನೂ ಹೊತ್ತು ರಾತ್ರಿ ಓದುವವರಿಗಿದ್ದ ಬಾಗಿಲು ಅದೊಂದೇ. ನನಗೆ ಇದು ಕಟುವೆನಿಸುತ್ತದೆ, ಬಸ್ಸಾರಿನ ಲೆಕ್ಕ ನೆನೆದರೆ ತಪ್ಪೆನ್ನಲು ನಾಲಗೆ ಬಾರದು. ಇನ್ನು ಬಿ.ಕಾಂ. ಓದಿದವರು ಮಗಳ ವಯಸ್ಸಿನವರ ಪಕ್ಕ ಕೂತು ಮೊದಲಿಂದ ಶುರುಮಾಡಬೇಕಾಗಬಹುದು.

ವಯಸ್ಸು ಮೀರಿತೇ? ರಾಬರ್ಟ್ ಮೆಕ್ಯಾರಿಸನ್ 1918ರಲ್ಲಿ ಕೂನೂರಿನ ಒಂದು ಕೋಣೆಯಲ್ಲಿ ಬೆರಿಬೆರಿ ರೋಗದ ಶೋಧ ಆರಂಭಿಸಿದಾಗ ಅವರಿಗೆ ನಲವತ್ತು. ಅದೇ ಮುಂದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಅವರು ಮೊದಲೇ ವೈದ್ಯರು, ಗಿಲ್ಗಿಟ್ಟಿನಲ್ಲಿ ಗಳಗಂಡದ ಬೆನ್ನು ಹತ್ತಿದ್ದವರು. ಹಾಗಾಗಿ ಈ ಉದಾಹರಣೆಯನ್ನು ತೀರಾ ಎಳೆಯಬಾರದು.

ಮಧ್ಯವಯಸ್ಸಿನವರ ನಿಜವಾದ ಬಂಡವಾಳ ಇರುವುದು ಗಾದೆಯ ಉಳಿದರ್ಧದಲ್ಲಿ. ಪಥ್ಯ ಹೇಳುವ ಮುಂಚೆ ನಿನ್ನೆಯಿಂದ ಏನೇನು ತಿಂದಿರೆಂದು ಕೇಳಿ ಬರೆದುಕೊಳ್ಳುವುದು ಈ ಕಸುಬಿನ ಮೊದಲ ಕೆಲಸ. ಯಾರೂ ಪೂರ್ತಿ ಹೇಳುವುದಿಲ್ಲ. ದೇವಸ್ಥಾನದ ಪ್ರಸಾದ, ಮೊಮ್ಮಗ ಬಿಟ್ಟ ಅರ್ಧ ದೋಸೆ, ಆಫೀಸಿನ ಮೂರನೇ ಕಾಫಿ ಲೆಕ್ಕಕ್ಕೇ ಬರುವುದಿಲ್ಲ. ಹೊಸದಾಗಿ ಪಾಸಾದ ಹುಡುಗಿ "ಅನ್ನ ಕಡಿಮೆ ಮಾಡಿ" ಎಂದು ಚೀಟಿ ಬರೆಯುತ್ತಾಳೆ. ಆ ಮನೆಯಲ್ಲಿ ಜಗಳ ಶುರು. ವರ್ಷಗಟ್ಟಲೆ ಸಾಲದ ಕೌಂಟರಿನಲ್ಲಿ ಕೂತು, ಜನ ಏನನ್ನು ನುಂಗಿಕೊಂಡು ಮಾತಾಡುತ್ತಾರೆಂದು ಕಂಡವರು ಅದೇ ಮಾತಿಗೆ ಬೇರೆ ಕಡೆಯಿಂದ ಬರುತ್ತಾರೆ.

"ಮುದ್ದೆ ಎಷ್ಟು ಯಜಮಾನ್ರೇ?"

"ಒಂದೇ ಮೇಡಂ."

"ಎಷ್ಟು ದೊಡ್ಡದು?"

ಆತ ಎರಡೂ ಕೈ ಜೋಡಿಸಿ ತೋರಿಸುತ್ತಾನೆ. "ಕಟ್ಟೋದು ನಮ್ಮಮ್ಮ. ಚಿಕ್ಕದು ಮಾಡು ಅಂದ್ರೆ ಸಿಟ್ಟು."

"ಹಂಗಾದ್ರೆ ಮುಂದಿನ ಸಲ ಅಮ್ಮನ್ನೇ ಕರ್ಕೊಂಡು ಬನ್ನಿ."