ಮಡಿಯೂ ತೊಳೆದ ಕೈಯೂ

ನರ್ಸಿಂಗ್ ಕಲಿಯುತ್ತಿರುವ ನೆರೆಮನೆಯ ಹುಡುಗಿಯೊಬ್ಬಳು, ಕೈತೊಳೆದು ಗ್ಲೌಸು ತೊಟ್ಟಮೇಲೆ ಬಾಗಿಲನ್ನಾಗಲಿ ಮಂಚವನ್ನಾಗಲಿ ತನ್ನ ಮುಖವನ್ನಾಗಲಿ ಮುಟ್ಟಕೂಡದೆಂಬ ಪಾಠವನ್ನು ನನಗೆ ವಿವರಿಸಿ, "ಇದೂ ನಿಮ್ಮ ಅಜ್ಜಿಯ ಮಡಿಯೇ ಅಲ್ಲವೇ, ಮಾವ?" ಎಂದು ನಕ್ಕಳು. ನಮ್ಮ ಹಿರಿಯರಿಗೆ ಸೂಕ್ಷ್ಮಜೀವಿಗಳ ಜ್ಞಾನವಿದ್ದಿತೆಂದು ಹೆಮ್ಮೆಪಡುವವರೂ ಇದನ್ನೇ ತುಸು ಗಂಭೀರವಾಗಿ ಹೇಳುತ್ತಾರೆ. ಹೋಲಿಕೆಯೇನೋ ಉಂಟು, ಆದರೆ ಎರಡೂ ಪರಸ್ಪರ ವಿರುದ್ಧ ದಿಕ್ಕಿಗೆ ಮುಖಮಾಡಿ ನಿಂತಿವೆಯೆಂದು ನನಗೆ ತೋರುತ್ತದೆ. ಮಡಿಯುಟ್ಟವಳಿಗೆ ಅನ್ಯರ ಸ್ಪರ್ಶದ ಭಯ. ದಾದಿಗೆ ತನ್ನ ಕೈಯದೇ ಭಯ.

ಈ ಎರಡನೆಯ ಭಯ ಮನುಷ್ಯನಿಗೆ ಸುಲಭವಾಗಿ ಬಂದುದಲ್ಲ. ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಹೆರಿಗೆಯ ವಿಭಾಗಗಳು ಎರಡಿದ್ದುವು. ಒಂದರಲ್ಲಿ ವೈದ್ಯರೂ ವೈದ್ಯವಿದ್ಯಾರ್ಥಿಗಳೂ, ಇನ್ನೊಂದರಲ್ಲಿ ಸೂಲಗಿತ್ತಿಯರೂ ಹೆರಿಗೆ ಮಾಡಿಸುತ್ತಿದ್ದರು. 1846ರಲ್ಲಿ ಮೊದಲನೆಯದರಲ್ಲಿ ನೂರಕ್ಕೆ 11 ಮಂದಿ ತಾಯಂದಿರು ಸತ್ತರೆ, ಎರಡನೆಯದರಲ್ಲಿ ಸತ್ತವರು 3ಕ್ಕೂ ಕಡಮೆ. ಪಂಡಿತರ ಕೈಗೆ ಒಪ್ಪಿಸಬೇಡಿರೆಂದು ಹೆಂಗಸರು ಮೊಣಕಾಲೂರಿ ಬೇಡುತ್ತಿದ್ದರಂತೆ. ಮರುವರ್ಷ, ಶವಚ್ಛೇದನದಲ್ಲಿ ಬೆರಳಿಗೆ ಚೂರಿ ತಗುಲಿದ ಕೊಲೆಚ್ಕಾ ಎಂಬ ಪ್ರಾಧ್ಯಾಪಕನು ಬಾಣಂತಿಯರನ್ನು ಕೊಲ್ಲುತ್ತಿದ್ದಂಥ ವ್ಯಾಧಿಯಿಂದಲೇ ಮೃತನಾದಾಗ, ಶವಾಗಾರದಿಂದ ಹೆರಿಗೆಯ ಮಂಚಕ್ಕೆ ಮೃತ್ಯುವನ್ನು ಹೊತ್ತು ತರುತ್ತಿರುವವರು ತಾವೇ ಎಂಬ ದಾರುಣ ಸತ್ಯವು ಅವನ ಮಿತ್ರನೂ ಮೊದಲನೆಯ ವಿಭಾಗದ ವೈದ್ಯನೂ ಆದ ಸೆಮ್ಮೆಲ್‌ವೈಸನಿಗೆ ಹೊಳೆಯಿತು. ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಎಲ್ಲರೂ ಕೈತೊಳೆಯತಕ್ಕುದೆಂದು ಅವನು ಮೇ ತಿಂಗಳಲ್ಲಿ ಕಟ್ಟಳೆ ಮಾಡಿದನು. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನಿನಲ್ಲಿ ಸುಮಾರು 2ಕ್ಕೆ ಇಳಿಯಿತು. ಆದರೂ ಕಲಿತವರ ಕೈ ಕೊಲ್ಲಬಲ್ಲುದೆಂಬ ಮಾತನ್ನು ಅಂದಿನ ವೈದ್ಯಮಂಡಲಿಯಲ್ಲಿ ಬಹುಮಂದಿ ಒಪ್ಪಲಿಲ್ಲ.

ಇಲ್ಲಿ ಧರ್ಮಜಿಜ್ಞಾಸುವಿಗೆ ಒಂದು ಪ್ರಶ್ನೆ ಏಳುತ್ತದೆ: ಅರಿಯದೆ ಕೊಂದವನಿಗೆ ಪಾಪವುಂಟೆ? ಆ ರೋಗದ ಜೀವಾಣುವನ್ನು ಪಾಶ್ಚರನು ತೋರಿಸಿಕೊಟ್ಟದ್ದೇ 1879ರಲ್ಲಿ. ಅದಕ್ಕೆ ಮೊದಲು ಯಾರನ್ನು ದೂಷಿಸುವುದು? ಸೆಮ್ಮೆಲ್‌ವೈಸನು ಮಾತ್ರ ಈ ನೆಪದ ಮರೆಹೊಗಲಿಲ್ಲ. ಅನೇಕ ಶವಗಳನ್ನು ಕೊಯ್ದ ತನ್ನ ಕೈಗಳಿಂದಲೂ ಲೆಕ್ಕವಿಲ್ಲದಷ್ಟು ತಾಯಂದಿರು ಅಳಿದರೆಂಬುದನ್ನು ಸ್ವಂತ ಗ್ರಂಥದಲ್ಲಿಯೇ ಒಪ್ಪಿಕೊಂಡನು. ಅರಿಯದ ಕಾಲದ ಕೃತ್ಯಕ್ಕೆ ಕ್ಷಮೆಯಿರಬಹುದು. ಆದರೆ ಅರಿಯಲೊಲ್ಲದವನಿಗೆ ಅದು ಸಲ್ಲದೆಂದೇ ನನ್ನ ಅಭಿಪ್ರಾಯ.

ಇನ್ನು ಶುಚಿಯೆಂಬುದರ ಸ್ವರೂಪವನ್ನು ನೋಡೋಣ. ಒಮ್ಮೆ ಮಿಂದು ಉಟ್ಟರೆ ಮಡಿ ಸಿದ್ಧಿಸುತ್ತದೆ. ಕೈಯಾದರೋ ಎಷ್ಟು ಉಜ್ಜಿದರೂ ಸಂಪೂರ್ಣವಾಗಿ ಜೀವಾಣುರಹಿತವಾಗದು, ಏಕೆಂದರೆ ಚರ್ಮದ ಆಳದಲ್ಲಿ ನೆಲಸಿರುವ ಜೀವಿಗಳು ಅಲ್ಲಿಯ ಕಾಯಂ ಒಕ್ಕಲುಗಳು. ತೊಳೆದ ಕೈಗೂ ಗ್ಲೌಸು ಬೇಕಾದದ್ದು ಆದುದರಿಂದಲೇ. ಕರುಳಿನಲ್ಲಿ ನಿರುಪದ್ರವಿಯಾಗಿ ಬಾಳುವ ಜೀವಾಣುವೇ ಮೂತ್ರಮಾರ್ಗವನ್ನು ಹೊಕ್ಕರೆ ರೋಗವಾಗುತ್ತದೆ. ಮೈಲಿಗೆಯೆಂಬುದು ವಸ್ತುವಿನ ಗುಣವಲ್ಲ, ಅದು ತಪ್ಪಿ ಸೇರಿದ ಸ್ಥಳದ್ದು. ಜಾತಿಯದಂತೂ ಎಂದೂ ಅಲ್ಲ.

ನಮ್ಮಲ್ಲಿ ಹೆತ್ತವಳನ್ನು ಪುರುಡೆಂದು ಹತ್ತು ದಿನ ದೂರವಿರಿಸಿದೆವು. ಅವಳು ನಮಗೆ ಮೈಲಿಗೆಯೆಂದು ಭಾವಿಸಿದೆವು. ನಿಜವಾಗಿ ಆ ದಿನಗಳಲ್ಲಿ ಮೈಲಿಗೆಯಾಗಿದ್ದವರು ನಾವು, ರಕ್ಷಿಸಲ್ಪಡಬೇಕಾಗಿದ್ದವಳು ಅವಳು. ಅಜ್ಜಿಯ ಮಡಿಯಲ್ಲಿ ಕಿರಿಯರು ಹಿರಿಯರನ್ನು ಮುಟ್ಟದಂತೆ ಎಚ್ಚರವಿದ್ದರೆ ಸಾಕಾಗಿತ್ತು. ಆಸ್ಪತ್ರೆಯ ಶೌಚಕ್ಕೆ ಅಂಥ ಮೇಲುಕೀಳಿಲ್ಲ. ಆದುದರಿಂದ, ತಾಯಿ, ಎಷ್ಟೇ ದೊಡ್ಡ ವೈದ್ಯರಾಗಲಿ ಕೈತೊಳೆಯದೆ ರೋಗಿಯ ಬಳಿಗೆ ಬಂದರೆ, ವಿನಯದಿಂದ, ಆದರೆ ಹಿಂಜರಿಯದೆ, ಅವರಿಗೆ ನಲ್ಲಿಯನ್ನು ತೋರಿಸು.