ಕುದಿ ಇಳಿದ ನೀರು

ಕುದಿಯುವ ನೀರನ್ನು ಈ ಎಲೆಗಳ ಮೇಲೆ ಹೊಯ್ಯಬಾರದು. ಕೆಟಲಿನಿಂದ ಅಗಲ ಬಾಯಿಯ ಬಟ್ಟಲಿಗೆ, ಬಟ್ಟಲಿನಿಂದ ಕುಡಿಯುವ ಲೋಟಗಳಿಗೆ, ಮತ್ತೆ ಬಟ್ಟಲಿಗೆ ಸುರಿಯುತ್ತ ಅದರ ಬಿಸಿ ಇಳಿಸಬೇಕು. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದ ಪುಣೆಯಲ್ಲಿ ನೀರು 98 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ. ಕೊರಿಯಾದ ಎಳೆ ಹಸಿರು ಚಹಾ ಬೇಡುವುದು 70 ಡಿಗ್ರಿ. ನೀರು ಅಷ್ಟು ಇಳಿಯುವವರೆಗಿನ ಹೊತ್ತು ನನಗೆ ಬೆಳಗಿನಲ್ಲೆಲ್ಲ ಹೆಚ್ಚು ಪ್ರಿಯ. ಆಗ ಮಾಡಲು ಬೇರೇನೂ ಇರುವುದಿಲ್ಲ. ಹಬೆ ಮೊದಲು ದಟ್ಟವಾಗಿ ನೆಟ್ಟಗೆ ಏಳುತ್ತದೆ, ಆಮೇಲೆ ತೆಳುವಾಗಿ ಬಾಗುತ್ತದೆ, ಕೊನೆಗೆ ನೀರಿನ ಮೇಲ್ಮೈಗೇ ಅಂಟಿಕೊಂಡು ಸುಳಿಯುತ್ತದೆ. ಬಟ್ಟಲಿನ ಹೊರಮೈಯನ್ನು ಅಂಗೈ ಒಂದು ಕ್ಷಣ ತಾಳಿಕೊಂಡರೆ ಸಾಕು, ನೀರು ಹದಕ್ಕೆ ಬಂದಿದೆ.

ಎರಡು ಮೂರು ಗ್ರಾಂ ಎಲೆಗೆ ಒಂದು ಲೋಟ ನೀರು. ಎರಡು ನಿಮಿಷ ಬಿಟ್ಟು ಸೋಸಿದರೆ ತಿಳಿ ಹಳದಿಗೆ ಹಸಿರು ಬೆರೆತ ಬಣ್ಣ. ಮೂಗಿಗೆ ಮೊದಲು ಬರುವುದು ಹುರಿದ ವಾಸನೆ. ಪಾಯಸಕ್ಕೆಂದು ಹೆಸರುಬೇಳೆಯನ್ನು ಬಾಣಲೆಯಲ್ಲಿ ಹುರಿಯುವಾಗ, ಅದು ಕೆಂಪಾಗುವ ತುಸು ಮೊದಲು ಮನೆ ತುಂಬುವ ಘಮ. ಅದರ ಹಿಂದೆ ಹಸಿ ಎಲೆಯ ತಂಪು. ಮೊದಲ ಗುಟುಕಿನಲ್ಲಿ ಏನೂ ಇಲ್ಲವೆಂದೇ ಅನಿಸುತ್ತದೆ. ಆಮೇಲೆ ನಾಲಿಗೆಯ ಅಂಚಿಗೆ ತಿಳಿಸಾರಿನಂಥ ಒಂದು ರುಚಿ ಹತ್ತುತ್ತದೆ, ಅದಕ್ಕೆ ಹೊಂದಿಕೊಂಡು ಎಳೆಯಷ್ಟು ಒಗರು. ಸಿಹಿ ಬರುವುದು ನುಂಗಿ ಆದ ಮೇಲೆ, ಗಂಟಲಿನ ಕಡೆಯಿಂದ. ಕುಡಿಯುವವರು ಆಗಲೇ ಎದ್ದು ಹೋಗಿದ್ದರೆ, ಫೋನು ಕೈಗೆ ತೆಗೆದುಕೊಂಡಿದ್ದರೆ, ಆ ಸಿಹಿ ಅವರಿಗೆ ಸಿಕ್ಕುವುದೇ ಇಲ್ಲ.

ಈ ಸಿಹಿ ಎಲೆಯದ್ದೇ. ಚಹಾ ಗಿಡದ ಬೇರುಗಳಲ್ಲಿ ಥಿಯಾನಿನ್ ಎಂಬ ಅಮೈನೊ ಆಮ್ಲ ತಯಾರಾಗುತ್ತದೆ. ವಸಂತದಲ್ಲಿ ಗಿಡ ಚಿಗುರಿದಾಗ ಅದು ಬೇರಿನಿಂದ ಕುಡಿಗೆ ಏರುತ್ತದೆ. ಬಿಸಿಲು ಬಿದ್ದಂತೆಲ್ಲ ಎಲೆ ಅದನ್ನು ಬಳಸಿ ಒಗರಿನ ಕ್ಯಾಟೆಚಿನ್‌ಗಳನ್ನು ಕಟ್ಟಿಕೊಳ್ಳುತ್ತದೆ. ಹಾಗಾಗಿ ಬೇಗ ಕಿತ್ತ ಕುಡಿಯಲ್ಲಿ ಸವಿ ಹೆಚ್ಚು, ತಡವಾದಷ್ಟೂ ಒಗರು ಹೆಚ್ಚು. ಕೊರಿಯಾದ ರೈತರು ಇದನ್ನು ರಸಾಯನಶಾಸ್ತ್ರಕ್ಕಿಂತ ಬಹಳ ಮೊದಲೇ ಪಂಚಾಂಗದಿಂದ ತಿಳಿದಿದ್ದರು. ಅವರ ಸೌರ ಪಂಚಾಂಗದಲ್ಲಿ ಏಪ್ರಿಲ್ 20ರ ಸುಮಾರಿಗೆ ಬರುವ, ಬಿತ್ತಿದ ಕಾಳಿಗೆ ಮಳೆ ಸಿಗುವ ದಿನದ ಮುಂಚೆ ಕಿತ್ತದ್ದು 'ಉಜೊನ್'. ಅಲ್ಲಿಂದ ಮೇ 5ರ ಸುಮಾರಿನ, ಬೇಸಿಗೆ ಹುಟ್ಟುವ ದಿನದವರೆಗೆ ಕಿತ್ತದ್ದು 'ಸೆಜಾಕ್'. ಆಮೇಲಿನ ದೊಡ್ಡ ಎಲೆಗಳಿಗೆ ಬೇರೆ ಹೆಸರು, ಕಡಿಮೆ ಬೆಲೆ. ನನಗೆ ಸೆಜಾಕೇ ಇಷ್ಟ. ಉಜೊನ್ ತೀರಾ ನಯ, ಅದರಲ್ಲಿ ಒಗರಿನ ಆಸರೆ ಸಾಲದು.

ಕಿತ್ತ ಎಲೆಯನ್ನು ಹಾಗೇ ಬಿಟ್ಟರೆ ತನ್ನೊಳಗಿನ ಕಿಣ್ವಗಳಿಂದಲೇ ಅದು ಕಪ್ಪಾಗುತ್ತ ಹೋಗುತ್ತದೆ. ಅದನ್ನು ತಡೆಯಲು ಜಪಾನಿನವರು ಹೆಚ್ಚಾಗಿ ಹಬೆ ಕೊಡುತ್ತಾರೆ. ಕೊರಿಯಾದ ಹಳೆಯ ಕ್ರಮ ಹುರಿಯುವುದು. ಚೆನ್ನಾಗಿ ಕಾದ ಕಬ್ಬಿಣದ ಕಡಾಯಿಗೆ ಎಲೆ ಸುರಿದು, ದಪ್ಪ ಕೈಗವಸು ತೊಟ್ಟು ಬೇಗಬೇಗ ಮಗುಚುತ್ತಾರೆ. ಹೊರತೆಗೆದು ಚಾಪೆಯ ಮೇಲೆ ಅಂಗೈಯಿಂದ ಉಜ್ಜಿ ಸುರುಳಿ ಮಾಡುತ್ತಾರೆ. ಮತ್ತೆ ಹುರಿಯುತ್ತಾರೆ, ಮತ್ತೆ ಉಜ್ಜುತ್ತಾರೆ. ಬೆಂಕಿ ಹೆಚ್ಚಾದರೆ ಎಲೆ ಸೀಯುತ್ತದೆ, ಕಡಿಮೆಯಾದರೆ ಹಸಿ ವಾಸನೆ ಉಳಿಯುತ್ತದೆ. ಕೀಳುವವರು ಬಿಸಿಲು ಬಲಿಯುವ ಮುಂಚೆ ಕೈ ನಿಲ್ಲಿಸುತ್ತಾರೆ, ಹುರಿಯುವವರು ಸೀಯುವ ಮುಂಚೆ, ಕೊನೆಗೆ ನಾನು ಎಲೆ ಕಹಿ ಬಿಡುವ ಮುಂಚೆ ನೀರನ್ನು ಸೋಸುತ್ತೇನೆ. ಸಮಯಕ್ಕೆ ಸರಿಯಾಗಿ ನಿಲ್ಲಿಸುವುದೇ ಈ ಚಹಾದಲ್ಲಿ ಮೊದಲಿನಿಂದ ಕೊನೆಯವರೆಗೆ ನಡೆಯುವ ಕೆಲಸ. ದಿನದ ಉಳಿದ ಹೊತ್ತಿನಲ್ಲಿ ನಮಗೆ ಇನ್ನಷ್ಟು ಮಾಡು, ಇನ್ನಷ್ಟು ಸೇರಿಸು ಎನ್ನುವವರೇ ಹೆಚ್ಚು. ನಿಲ್ಲಿಸುವುದನ್ನು ಕೈಗೆ ಅಭ್ಯಾಸ ಮಾಡಿಸುವ ಕೆಲಸ ಬೆಳಗಿಗೊಂದು ಇರಲಿ ಎಂದು ನಾನು ಬಯಸುತ್ತೇನೆ.

ಪುಣೆಯ ಚಹಾದ ದಾರಿ ಬೇರೆ. ಇಲ್ಲಿನ ಅಮೃತತುಲ್ಯ ಅಂಗಡಿಗಳಲ್ಲಿ ಹಿತ್ತಾಳೆಯ ಪಾತ್ರೆಯೊಳಗೆ ಹಾಲು, ಸಕ್ಕರೆ, ಚಹಾ ಪುಡಿ, ಶುಂಠಿ, ಏಲಕ್ಕಿ ಒಟ್ಟಿಗೆ ಕುದಿಯುತ್ತವೆ. ಬಟ್ಟೆಯಲ್ಲಿ ಸೋಸಿದ ಗಟ್ಟಿ ಚಹಾ, ನಿಂತು ಕುಡಿಯುವ ಜನ, ಮಾತು. ಮನೆಯೊಳಗೆ ನಮ್ಮಂಥ ಕನ್ನಡದವರಿಗೆ ಫಿಲ್ಟರ್ ಕಾಫಿ. ಇವೆರಡನ್ನೂ ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಅವು ಊರಿನೊಡನೆ, ಮನೆಯವರೊಡನೆ ಕುಡಿಯುವಂಥವು.

ಕೊರಿಯಾದ ಎಲೆ ನಮ್ಮ ಮನೆಗೆ ಬಂದದ್ದು ಪಕ್ಕದ ಮನೆಯವರಿಂದ. ಪುಣೆಯ ಹತ್ತಿರದ ರಂಜಣಗಾಂವದಲ್ಲಿ ಕೊರಿಯಾದ ಎಲ್‌ಜಿ ಕಾರ್ಖಾನೆ ಇದೆ. ತಳೇಗಾಂವದ ಹಳೆಯ ಜನರಲ್ ಮೋಟಾರ್ಸ್ ಕಾರ್ಖಾನೆಯನ್ನು ಕೊಳ್ಳಲು ಹ್ಯುಂಡೈ 2023ರಲ್ಲಿ ಒಪ್ಪಂದ ಮಾಡಿಕೊಂಡಿತು. ಇಂಥ ಕಂಪನಿಗಳ ಕೆಲಸಕ್ಕೆಂದು ಬಂದ ಕೊರಿಯಾದ ಕುಟುಂಬಗಳು ಪುಣೆಯಲ್ಲಿವೆ. ಪಕ್ಕದ ಮನೆಯಾಕೆ ಊರಿಗೆ ಹೋಗಿ ಬಂದಾಗ ಒಂದು ಡಬ್ಬಿ ಕೊಟ್ಟು, ಸುರಿಯುವ ಬಗೆಯನ್ನೂ ತೋರಿಸಿದರು. ಮೂರು ಬಟ್ಟಲುಗಳಿದ್ದರೆ ಒಂದನ್ನು ತುಂಬಿಸಿ ಇನ್ನೊಂದಕ್ಕೆ ಹೋಗುವುದಿಲ್ಲ. ಮೊದಲನೆಯದಕ್ಕೆ ಸ್ವಲ್ಪ, ಎರಡನೆಯದಕ್ಕೆ ಸ್ವಲ್ಪ, ಮೂರನೆಯದಕ್ಕೆ ಸ್ವಲ್ಪ; ಆಮೇಲೆ ಮೂರರಿಂದ ಒಂದಕ್ಕೆ ಹಿಂದಿರುಗುತ್ತ ಸುರಿಯಬೇಕು. ಮೊದಲು ಇಳಿಯುವ ಚಹಾ ತೆಳು, ಕಡೆಗೆ ಇಳಿಯುವುದು ಗಟ್ಟಿ. ಹೀಗೆ ಸುರಿದರೆ ಎಲ್ಲರ ಪಾಲಿಗೂ ಒಂದೇ ರುಚಿ. ಆ ಕೈಯ ಚಲನೆಯಲ್ಲಿದ್ದ ನ್ಯಾಯ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಆಕೆ ಹೇಳಿದಂತೆ ಅವರ ಊರಿನಲ್ಲೂ ದಿನನಿತ್ಯ ನಡೆಯುವುದು ಕಾಫಿ, ಹುರಿದ ಬಾರ್ಲಿಯ ನೀರು. ಎಲೆ ಚಹಾ ಕುಡಿಯುವವರು ಕಡಿಮೆ. ಇದಕ್ಕೆ ಇತಿಹಾಸವೂ ಇದೆ. ಕ್ರಿ.ಶ. 828ರಲ್ಲಿ ತಾಂಗ್ ಚೀನಾದಿಂದ ರಾಜದೂತನೊಬ್ಬ ತಂದ ಚಹಾ ಬೀಜವನ್ನು ದೊರೆಯ ಆಜ್ಞೆಯಂತೆ ಜಿರಿ ಪರ್ವತದಲ್ಲಿ ನೆಟ್ಟರೆಂದು 12ನೇ ಶತಮಾನದ 'ಸಾಮ್‌ಗುಕ್ ಸಾಗಿ' ದಾಖಲಿಸುತ್ತದೆ. ಅದಕ್ಕೂ ಹಿಂದೆ ಭಾರತದ ರಾಜಕುಮಾರಿಯೊಬ್ಬಳು ಬೀಜ ತಂದಳೆಂಬ ಕಥೆಯೂ ಇದೆ. ಕೇಳಲು ಹಿತ, ಆದರೆ ಆಧಾರ ತೆಳು. ಬೌದ್ಧರ ಕಾಲದಲ್ಲಿ ಬೆಳೆದ ಚಹಾ, ಕನ್‌ಫ್ಯೂಷಿಯಸ್‌ನ ಅನುಯಾಯಿಗಳಾದ ಜೊಸೊನ್ ದೊರೆಗಳ ಕಾಲದಲ್ಲಿ ಸೊರಗಿ, ದಕ್ಷಿಣದ ಬೆಟ್ಟಗಳ ಮಠಗಳಲ್ಲಿ ಜೀವ ಹಿಡಿದುಕೊಂಡಿತು. ಜಿರಿ ಪರ್ವತದ ತಪ್ಪಲಿನ ಹಾದೊಂಗ್‌ನಲ್ಲಿ ಇಂದಿಗೂ ಬಂಡೆಗಳ ನಡುವೆ ಅಡ್ಡಾದಿಡ್ಡಿ ಬೆಳೆದ ಪೊದೆಗಳಿಂದ ಕುಡಿ ಕೀಳುತ್ತಾರೆ. ಈ ಕೃಷಿಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2017ರಲ್ಲಿ ಜಾಗತಿಕ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿತು.

ಬಟ್ಟಲು ಕೈಯಲ್ಲಿರುವಾಗ ನನಗೆ ನೆನಪಾಗುವವರು ಜೊಂಗ್ ಯಾಕ್‌ಯೊಂಗ್. ದೊಡ್ಡ ವಿದ್ವಾಂಸರು, ರಾಜನ ಮೆಚ್ಚಿನ ಅಧಿಕಾರಿಯಾಗಿದ್ದವರು. 1801ರಲ್ಲಿ ಅವರನ್ನು ಗಡೀಪಾರು ಮಾಡಲಾಯಿತು. ದಕ್ಷಿಣದ ಗಾಂಗ್‌ಜಿನ್‌ನಲ್ಲಿ 1818ರವರೆಗೆ ಉಳಿದರು. ವಾಸಕ್ಕೆ ಸಿಕ್ಕ ಬೆಟ್ಟದಲ್ಲಿ ಚಹಾ ಗಿಡಗಳಿದ್ದವು. ಆ ಬೆಟ್ಟದ ಹೆಸರಾದ 'ದಾಸಾನ್' ಎಂಬುದರಿಂದಲೇ ಅವರನ್ನು ಜನ ಇಂದು ಗುರುತಿಸುತ್ತಾರೆ. ಸಮೀಪದ ಮಠದ ಭಿಕ್ಷುವಿನೊಡನೆ ಚಹಾ ಕುಡಿದರು, ಶಿಷ್ಯರಿಗೆ ಪಾಠ ಹೇಳಿದರು, ಆಡಳಿತದ ಬಗ್ಗೆ, ಬಡವರ ಕಷ್ಟದ ಬಗ್ಗೆ ಸಂಪುಟಗಟ್ಟಲೆ ಬರೆದರು. ಅಲ್ಲಿಗೆ ಬಂದ ಚೊಉಯಿ ಎಂಬ ಯುವ ಭಿಕ್ಷು ಮುಂದೆ, 1837ರಲ್ಲಿ, ತನ್ನ ನಾಡಿನ ಚಹಾವನ್ನೇ ಹೊಗಳಿ ಒಂದು ಪದ್ಯಕೃತಿ ರಚಿಸಿದ. ಬದುಕನ್ನು ಬೇರೆಯವರು ನಡುದಾರಿಯಲ್ಲಿ ನಿಲ್ಲಿಸಿದಾಗ ಒಬ್ಬ ಮನುಷ್ಯ ಏನು ಮಾಡಬಹುದು ಎಂದು ಯೋಚಿಸುವಾಗೆಲ್ಲ ಆ ಬೆಟ್ಟ ನನ್ನ ಕಣ್ಣಮುಂದೆ ಬರುತ್ತದೆ. ಶಿಕ್ಷೆ ಮುಗಿದು ಅವರು ಹೊರಟಾಗ ಶಿಷ್ಯರೆಲ್ಲ ಸೇರಿ ಒಂದು ಒಡಂಬಡಿಕೆ ಮಾಡಿಕೊಂಡರು: ಪ್ರತಿ ವರ್ಷ ಚಹಾ ಕಿತ್ತು, ತಯಾರಿಸಿ, ಗುರುವಿದ್ದಲ್ಲಿಗೆ ಕಳಿಸುವುದು.

ಪುಣೆಯ ವೇತಾಳ ಟೇಕಡಿ ಗುಡ್ಡದಲ್ಲಿ ಬೆಳಗ್ಗೆ ನಡೆಯುವ ಸ್ನೇಹಿತರು ಗ್ರೀನ್ ಟೀ ಎಂದರೆ ಮುಖ ಕಿವುಚುತ್ತಾರೆ. ಬೊಜ್ಜು ಕರಗಲೆಂದು ಪುಡಿ ತುಂಬಿದ ಚೀಲವನ್ನು ಕುದಿನೀರಿಗೆ ಅದ್ದಿ ಕಹಿಯನ್ನು ಸಹಿಸಿಕೊಂಡವರು ಅವರು. ಅದು ಎಲೆಗೂ ಅನ್ಯಾಯ, ನಾಲಿಗೆಗೂ ಅನ್ಯಾಯ. ಅವರಿಗೆ ನಾನು ಹೇಳುವುದಿಷ್ಟು: ಇಡೀ ಎಲೆ ತನ್ನಿ, ನೀರು ಆರಲಿ, ಎರಡು ನಿಮಿಷಕ್ಕೆ ಸೋಸಿ. ಅದೇ ಎಲೆಗೆ ಎರಡನೇ ಸಲ ತುಸು ಬಿಸಿ ಹೆಚ್ಚಿರಲಿ, ಸಮಯ ಕಡಿಮೆ ಸಾಕು. ಸುರುಳಿ ಬಿಚ್ಚಿಕೊಂಡಿರುವುದರಿಂದ ರುಚಿ ಬೇಗ ಇಳಿಯುತ್ತದೆ. ಮೂರನೇ ಸಲಕ್ಕೆ ಒಗರು ಮುಂದಾಗುತ್ತದೆ, ಅದಕ್ಕೂ ಅದರದ್ದೇ ಸೊಗಸಿದೆ. ಆಮೇಲೆ ಉಳಿದ ಎಲೆಯನ್ನು ಎಸೆಯಬೇಡಿ. ಕೊರಿಯಾದಲ್ಲಿ ಅದನ್ನು ಎಳ್ಳೆಣ್ಣೆ, ಸೋಯಾ ಸಾಸ್ ಕಲಸಿ ಅನ್ನದ ಜೊತೆ ತಿನ್ನುತ್ತಾರೆ. ನಮ್ಮ ಮನೆಯಲ್ಲಿ ಕಾಯಿತುರಿ, ಉಪ್ಪು, ನಾಲ್ಕು ಹನಿ ನಿಂಬೆರಸ ಸಾಕಾಗುತ್ತದೆ.